ಹತ್ತನೆಯ ದಿನ ಚಕ್ಕಳಮಕ್ಕಳ

ಫೆಬ್ರವರಿ ೬

ಪ್ರೀತಿಯ ತಮ್ಮನಿಗೆ,

ನೀನು ಆರಾಮವಾಗಿದ್ದೀಯ ಎಂದು ನಂಬಿಕೊಂಡು ಬರೆಯುತ್ತಿದ್ದೇನೆ. ನಿನಗೊಂದು ನೆಗಡಿಯಾದರೂ ಇಷ್ಟು ಹೊತ್ತಿಗೆ ಊರೆಲ್ಲ ಡಂಗುರ ಸಾರಿರುತ್ತಿದ್ದೆ. ಫೋನು ಬಿಟ್ಟು ಕಾಗದವೇಕೆ ಎಂದು ಕೇಳಬೇಡ. ನಲವತ್ತು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದ ನಿನ್ನ ಭಾವ ಈ ಮನೆಯಲ್ಲಿ ಮುಖ್ಯ ವಿಷಯಗಳನ್ನು ಫೋನಿನಲ್ಲಿ ಮಾತಾಡಲು ಬಿಡುವುದಿಲ್ಲವೆಂದು ನಿನಗೇ ಗೊತ್ತು.

ವಿಷಯ ಇಷ್ಟೆ. ನನ್ನ ಎಡಗಡೆ ಸೊಂಟದ ಕೀಲು ಸವೆದುಹೋಗಿದೆಯಂತೆ. ಡಾಕ್ಟರು ಎಕ್ಸ್-ರೇ ಎತ್ತಿಹಿಡಿದು ತೋರಿಸಿದರು. ಎರಡು ಮೂಳೆಗಳ ನಡುವೆ ಇರಬೇಕಾದ ಸಂದು ಇಲ್ಲವೇ ಇಲ್ಲ. ಹಳೆಯದನ್ನು ತೆಗೆದು ಹೊಸ ಕೀಲು ಕೂರಿಸಬೇಕು ಅಂದರು. ಕಳೆದ ತಿಂಗಳು ದಿನ ಕೊಟ್ಟಿದ್ದರು, ಮುಂದೂಡಿದೆ. ನನ್ನ ಹತ್ತಿರ ಕಾರು ಕಲಿಯುವ ಹಲ್ಲಿನ ಡಾಕ್ಟರಮ್ಮನಿಗೆ ರಿವರ್ಸ್ ಎಂದರೆ ಕೈಕಾಲು ನಡುಕ. ಅವಳ ಟೆಸ್ಟು ಮುಗಿಯುವ ತನಕ ಕೈಬಿಡುವುದು ಹೇಗೆ? ಈ ತಿಂಗಳೂ ಒಂದು ದಿನ ಕೊಟ್ಟಿದ್ದರು. ಅದೂ ಯಾಕೋ ಸರಿಬರಲಿಲ್ಲ.

ಭಯ ಎಂದುಕೊಳ್ಳಬೇಡ. ಬ್ರೇಕು ಯಾವುದು, ಆಕ್ಸಿಲರೇಟರ್ ಯಾವುದು ಎಂದು ತಿಳಿಯದವರ ಪಕ್ಕದಲ್ಲಿ ಮೂವತ್ತನಾಲ್ಕು ವರ್ಷ ಕೂತವಳಿಗೆ ಭಯವೆಲ್ಲಿಂದ ಬರಬೇಕು? ಭಯ ಇರುವುದು ನಿನ್ನ ಭಾವನಿಗೆ. ಪಾಪ, ಮುಖ ಸಣ್ಣದಾಗಿದೆ.

ನಿನ್ನ ಬೋರ್ಡು ಬರೆಯುವ ಕೆಲಸ ಹೇಗಿದೆ? ಇನ್ನೂ ನಂಬರ್ ಪ್ಲೇಟುಗಳೇನಾ?

ಇತಿ, ನಿನ್ನ ಅಕ್ಕ


ಫೆಬ್ರವರಿ ೯

ಪ್ರೀತಿಯ ಭಾವಮೈದುನನಿಗೆ,

ನಿನ್ನ ಅಕ್ಕನ ಕಾಗದ ತಲುಪಿರುತ್ತದೆ. ಅದರಲ್ಲಿ ಏನಿದೆಯೆಂದು ನಾನು ನೋಡಿಲ್ಲ. ಆದರೆ ತನಗೆ ಭಯವಿಲ್ಲವೆಂದು ಬರೆದಿರುತ್ತಾಳೆ. ಅದು ನಿಜವಲ್ಲ.

ದಿನಾ ಮಧ್ಯಾಹ್ನ ಊಟವಾದ ಮೇಲೆ ಹೋಗಿ, ನಿಲ್ಲಿಸಿದ ಕಾರಿನೊಳಗೆ ಗಾಜು ಏರಿಸಿಕೊಂಡು ಕೂರುತ್ತಾಳೆ. ಕೇಳಿದರೆ ಸೀಟು ಒರೆಸುತ್ತಿದ್ದೆ ಎನ್ನುತ್ತಾಳೆ. ಆಸ್ಪತ್ರೆಗೆಂದು ಚೀಲ ತುಂಬುವುದು, ಮತ್ತೆ ಬಟ್ಟೆಯನ್ನೆಲ್ಲ ಬೀರುವಿಗೆ ಸೇರಿಸುವುದು ಮೂರು ಸಲ ಆಯಿತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದಾರೆ: ಇನ್ನೂ ತಡಮಾಡಿದರೆ ಅವಳಿಗೆ ಕಾರಿನೊಳಗೆ ಕಾಲಿಡಲೂ ಆಗುವುದಿಲ್ಲ. ಡ್ರೈವಿಂಗ್ ಸ್ಕೂಲ್ ಮುಚ್ಚಿ ಮನೆಯಲ್ಲಿ ಕೂತರೆ ಅವಳು ಏನಾಗುತ್ತಾಳೆಂದು ನಿನಗೂ ಗೊತ್ತು, ನನಗೂ ಗೊತ್ತು.

ನನ್ನ ಮಾತು ಅವಳ ಕಿವಿಗೆ ಬೀಳುವುದಿಲ್ಲ. ನಿನ್ನ ಮಾತು ಕೇಳುತ್ತಾಳೆ. ಕೇಳಿಸಿಕೊಂಡು ಬೈಯುತ್ತಾಳೆ, ಆದರೂ ಕೇಳುತ್ತಾಳೆ. ಏನಾದರೂ ಬರೆ. ಮಾರ್ಚ್ ೧೨ಕ್ಕೆ ಮತ್ತೊಂದು ದಿನ ಕೊಟ್ಟಿದ್ದಾರೆ.

ಇತಿ, ನಿನ್ನ ಭಾವ


ಫೆಬ್ರವರಿ ೧೩

ಅಕ್ಕನಿಗೆ ತಮ್ಮನ ನಮಸ್ಕಾರ.

ನಿನ್ನ ಕಾಗದ ಓದಿ ನನಗೆ ನಗು ಬಂತು. ಕೋಪ ಮಾಡಿಕೊಳ್ಳಬೇಡ, ಕಾರಣ ಹೇಳುತ್ತೇನೆ. ಎರಡು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡ ಗುಟ್ಟಿದು. ಆಗ ನಾನು ದೊಡ್ಡ ಗಿರಣಿಯ ಗೋಡೆ ಬರೆಯಲು ಮೂರು ತಿಂಗಳು ಹೊರಗೆ ಹೋಗಿದ್ದೇನೆ ಎಂದಿದ್ದೆನಲ್ಲ, ಅದು ಬರೀ ನೆಪ. ಇದೇ ಆಪರೇಶನ್ ಮಾಡಿಸಿಕೊಂಡೆ. ಬಲಗಡೆಯ ಸೊಂಟ.

ನೀನು ಹೇಳುವ ಮೊದಲೇ ನಿನ್ನ ಕಷ್ಟ ನಾನು ಹೇಳಲೇ? ಬೆಳಗ್ಗೆ ಎದ್ದ ಕೂಡಲೇ ಮೊದಲ ನಾಲ್ಕು ಹೆಜ್ಜೆ ನಿನ್ನವಲ್ಲ. ಕಾಲುಚೀಲ ಹಾಕಿಕೊಳ್ಳುವುದೆಂದರೆ ಒಂದು ಯುದ್ಧ. ನಾನು ಉದ್ದ ಕುಂಚದ ಹಿಡಿಗೆ ತಂತಿಯ ಕೊಕ್ಕೆ ಕಟ್ಟಿ ಎಳೆದುಕೊಳ್ಳುತ್ತಿದ್ದೆ. ಹಾಸಿಗೆಯಲ್ಲಿ ಮಗ್ಗುಲು ಬದಲಾಯಿಸುವುದೆಂದರೆ ಕಬ್ಬಿಣದ ಬೀರು ಸರಿಸಿದ ಹಾಗೆ. ಯಾರಾದರೂ ನೋಡುತ್ತಿದ್ದರೆ ನೆಟ್ಟಗೆ ನಡೆಯುವುದು, ಬೀದಿ ತಿರುಗಿದ ಮೇಲೆ ಗೋಡೆ ಹಿಡಿಯುವುದು. ಹೌದೋ ಅಲ್ಲವೋ?

ಅದೆಲ್ಲ ಈಗ ಇಲ್ಲ. ಒಂದು ಬೆಳಗ್ಗೆ ಒಳಗೆ ಹೋದೆ, ಎದ್ದಾಗ ಎಲ್ಲ ಮುಗಿದಿತ್ತು. ಹಲ್ಲು ಕೀಳಿಸಿದಷ್ಟೂ ಇಲ್ಲ ಅಂದುಕೋ. ಧೈರ್ಯವಾಗಿ ಹೋಗು.

ನಿನ್ನ ತಮ್ಮ


ಫೆಬ್ರವರಿ ೧೮

ತಮ್ಮಾ,

ನಿನ್ನ ಕಿವಿ ಹಿಂಡಲು ನಾನು ಅಲ್ಲಿಗೇ ಬರುತ್ತಿದ್ದೆ, ಆದರೆ ಬಸ್ಸಿನ ಮೆಟ್ಟಿಲು ಹತ್ತಲಾರೆ. ಅಷ್ಟು ದೊಡ್ಡ ಆಪರೇಶನ್ ಮಾಡಿಸಿಕೊಂಡು ಒಡಹುಟ್ಟಿದವಳಿಗೆ ಒಂದು ಸಾಲು ಬರೆಯಲಿಲ್ಲವಲ್ಲೋ! ನಿನ್ನ ಭಾವನಿಗೆ ಓದಿ ಹೇಳಿದೆ. ಅವರು ಎದ್ದು ಹೊರಗೆ ಹೋಗಿ ಗಿಡಗಳಿಗೆ ನೀರು ಹಾಕತೊಡಗಿದರು. ಬೆಳಗ್ಗೆ ಹಾಕಿದ್ದು ಮರೆತಿದ್ದರು ಅಂತ ಕಾಣುತ್ತೆ.

ಬೈಗುಳ ಆಮೇಲೆ. ಈಗ ಕೇಳಿದ್ದಕ್ಕೆಲ್ಲ ಉತ್ತರ ಬರೆ. ಅರಿವಳಿಕೆ ಕೊಡುವಾಗ ಬೆನ್ನಿಗೆ ಸೂಜಿ ಚುಚ್ಚುತ್ತಾರಂತೆ, ನೋಯಿತೇ? ಒಳಗೆ ಏನು ಮಾಡುತ್ತಿದ್ದಾರೆಂದು ಕೇಳಿಸುತ್ತದೆಯೇ? ಎಷ್ಟನೆಯ ದಿನ ನಡೆದೆ? ಎಷ್ಟನೆಯ ದಿನ ಒಬ್ಬನೇ ಸ್ನಾನ ಮಾಡಿದೆ? ಹೊಸ ಕೀಲು ಒಳಗಿದೆ ಎಂದು ಗೊತ್ತಾಗುತ್ತದೆಯೇ? ಯಾವಾಗ ನೆಲದ ಮೇಲೆ ಕೂತೆ? ಇವೆಲ್ಲ ಸುಮ್ಮನೆ ತಿಳಿದುಕೊಳ್ಳಲು. ನನ್ನ ಹತ್ತಿರ ಕಲಿಯುವವರೂ ಹೀಗೇ ಕೇಳುತ್ತಾರೆ. ಎದುರಿಗೆ ಲಾರಿ ಬಂದರೆ ಏನು ಮಾಡಲಿ, ಮೇಡಮ್? ಲಾರಿ ಬರಲಿ, ಆಗ ಹೇಳ್ತೀನಿ ಅನ್ನುತ್ತೇನೆ. ಆದರೆ ನನಗೆ ಮುಂಚೆಯೇ ತಿಳಿಯಬೇಕು.

ನಿನ್ನ ಅಕ್ಕ


ಫೆಬ್ರವರಿ ೨೩

ಅಕ್ಕಾ,

ಒಂದೊಂದಾಗಿ ಬರೆಯುತ್ತೇನೆ. ಸೂಜಿ ಇರುವೆ ಕಚ್ಚಿದ ಹಾಗೆ. ಒಳಗೆ ಏನೂ ಕೇಳಿಸುವುದಿಲ್ಲ, ನಾನಂತೂ ಗೊರಕೆ ಹೊಡೆದೆನಂತೆ, ಡಾಕ್ಟರೇ ನಕ್ಕರು. ಮರುದಿನ ನಡೆಸಿದರು. ಐದನೆಯ ದಿನ ಸ್ನಾನ. ಹೊಸ ಕೀಲು ಇದೆಯೆಂದೇ ಮರೆತುಹೋಗುತ್ತದೆ. ಚಳಿಯಲ್ಲಿ ಮಾತ್ರ ಸ್ವಲ್ಪ ತಣ್ಣಗೆ ಅನಿಸುತ್ತದೆ, ಒಳಗೊಂದು ಚಮಚ ಇಟ್ಟ ಹಾಗೆ.

ನೆಲದ ಮೇಲೆ ಕೂತದ್ದು ಕೇಳಿದೆಯಲ್ಲ, ಹತ್ತನೆಯ ದಿನವೇ ಚಾಪೆ ಹಾಸಿಕೊಂಡು ಚಕ್ಕಳಮಕ್ಕಳ ಹಾಕಿ ಕೂತು ಆರು ನಂಬರ್ ಪ್ಲೇಟು ಬರೆದೆ. ನೀನೂ ಹತ್ತನೆಯ ದಿನ ಕೂತು ನೋಡು. ಕೂತಾಗ ನನ್ನನ್ನು ನೆನೆ.

ನಿನ್ನ ತಮ್ಮ


ಫೆಬ್ರವರಿ ೨೫

ಭಾವನವರಿಗೆ ನಮಸ್ಕಾರಗಳು.

ನಿಮಗೆ ಮೊದಲೇ ಗೊತ್ತಾಗಿದೆ ಅಂತ ಕಾಣುತ್ತೆ, ಆದರೂ ನನ್ನ ಬಾಯಿಂದ ಹೇಳಿಬಿಡುತ್ತೇನೆ. ನಾನು ಯಾವ ಆಪರೇಶನ್ನೂ ಮಾಡಿಸಿಕೊಂಡಿಲ್ಲ. ಅಕ್ಕನಿಗೆ ಧೈರ್ಯ ಬರಲೆಂದು ಬರೆದದ್ದು. ಶುರುಮಾಡಿದ್ದು ಸಣ್ಣದು, ಆಮೇಲೆ ಒಗ್ಗರಣೆ ಜಾಸ್ತಿಯಾಯಿತು.

ಈಗ ಎಡವಟ್ಟಾಗಿದೆ. ಕಾಗದ ಪೆಟ್ಟಿಗೆಗೆ ಹಾಕಿದ ಮೇಲೆ ಔಷಧಿ ಅಂಗಡಿಯ ಅಮ್ಮನನ್ನು ಕೇಳಿದೆ, ಅವರಿಗೆ ನಿಜವಾಗಿಯೂ ಹೊಸ ಕೀಲು ಕೂರಿಸಿದ್ದಾರೆ. ಚಕ್ಕಳಮಕ್ಕಳ ಎಂದದ್ದೇ ತಡ, ಅವರು ಗುಳಿಗೆ ಎಣಿಸುವುದನ್ನು ನಿಲ್ಲಿಸಿದರು. ಕಾಲ ಮೇಲೆ ಕಾಲು ಹಾಕುವಂತಿಲ್ಲ, ತಗ್ಗಿನ ಕುರ್ಚಿಯಲ್ಲಿ ಕೂರುವಂತಿಲ್ಲ, ಮಲಗುವಾಗ ಕಾಲುಗಳ ನಡುವೆ ದಿಂಬು ಇರಲೇಬೇಕಂತೆ. ನನ್ನ ಕಾಗದದ ಎರಡನೆಯ ಹಾಳೆಯಲ್ಲಿ ಆ ಹಾಳು ಸಾಲುಗಳಿವೆ. ದಯವಿಟ್ಟು ಅದು ಬಂದ ಕೂಡಲೇ ಆ ಹಾಳೆ ತೆಗೆದುಬಿಡಿ. ಅಕ್ಕನಿಗೆ ಮೊದಲ ಹಾಳೆ ಸಾಕು.

ನಿಮ್ಮ ಭಾವಮೈದುನ


ಮಾರ್ಚ್ ೧

ಪ್ರೀತಿಯ ಭಾವಮೈದುನನಿಗೆ,

ನಿನ್ನ ಕಾಗದ ಬರುವ ಮೊದಲೇ ಅವಳಿಗೆ ಬರೆದ ಕಾಗದ ಬಂದಿತ್ತು. ನಾನೇ ಬಾಗಿಲಲ್ಲಿ ತೆಗೆದುಕೊಂಡು ನಾನೇ ಅವಳ ಕೈಗೆ ಕೊಟ್ಟೆ. ಮೊದಲೇ ತಿಳಿದಿದ್ದರೂ ಕೊಡುತ್ತಿದ್ದೆ. ನಲವತ್ತು ವರ್ಷದಲ್ಲಿ ಒಬ್ಬರ ಕಾಗದವನ್ನೂ ಒಂದು ದಿನವೂ ತಡೆಹಿಡಿದವನಲ್ಲ, ಒಂದು ಹಾಳೆಯನ್ನೂ ತೆಗೆದವನಲ್ಲ. ಹೆಂಡತಿಯ ಕಾಗದದಿಂದ ಶುರುಮಾಡಲಾರೆ, ಮಹರಾಯ.

ಅವಳಿಗೆ ನಿಜ ಹೇಳಿಬಿಡೋಣವೆಂದು ಎರಡು ದಿನ ಯೋಚಿಸಿದೆ. ಆದರೆ ನಿನ್ನ ಕಾಗದ ಓದಿದ ಸಂಜೆಯೇ ಆಸ್ಪತ್ರೆಗೆ ಫೋನು ಮಾಡಿ ಹನ್ನೆರಡಕ್ಕೆ ಬರುತ್ತೇನೆ ಎಂದಳು. ನಿನ್ನೆ ಚೀಲ ತುಂಬಿದಳು, ಇನ್ನೂ ಖಾಲಿ ಮಾಡಿಲ್ಲ. ಕಾರಿನಲ್ಲಿ ಕೂರುವುದನ್ನೂ ಬಿಟ್ಟಿದ್ದಾಳೆ. ಹಾಗಾಗಿ ಬಾಯಿ ಮುಚ್ಚಿಕೊಂಡಿದ್ದೇನೆ.

ಕಾಗದ ತಡೆಯಲಾರೆ, ಅವಳನ್ನು ತಡೆಯಬಲ್ಲೆ. ವ್ಯಾಯಾಮ ಮಾಡಿಸಲು ಬರುವ ಹುಡುಗಿಗೆ ಹತ್ತನೆಯ ದಿನ ತಪ್ಪದೆ ಬರಬೇಕೆಂದು ಈಗಲೇ ಹೇಳಿಟ್ಟಿದ್ದೇನೆ. ಮನೆಯ ಚಾಪೆಗಳನ್ನೆಲ್ಲ ಪಕ್ಕದ ಮನೆಯಲ್ಲಿ ಇಟ್ಟಿದ್ದೇನೆ.

ಇತಿ, ನಿನ್ನ ಭಾವ


ಮಾರ್ಚ್ ೨೭

ತಮ್ಮನೆಂಬುವವನಿಗೆ,

ಮೊದಲು ಸಂತೋಷದ ಸುದ್ದಿ. ಆಪರೇಶನ್ ಆಯಿತು, ಚೆನ್ನಾಗಿ ಆಯಿತು. ಮರುದಿನ ವಾಕರ್ ಹಿಡಿದು ಬಾಗಿಲ ತನಕ ನಡೆದೆ. ಹಳೆಯ ನೋವು ಎಲ್ಲಿ ಹೋಯಿತೆಂದು ನಿಂತು ಹುಡುಕಿದೆ. ಇಲ್ಲ. ಹೊಲಿಗೆ ನೋಯುತ್ತದೆ, ಅದು ಬೇರೆ ನೋವು, ಮುಗಿದುಹೋಗುವ ನೋವು. ಖುಷಿಗೆ ಅಳು ಬಂತು. ಪಕ್ಕದ ಹಾಸಿಗೆಯವರು ನರ್ಸನ್ನು ಕರೆದುಬಿಟ್ಟರು.

ಒಳಗೆ ಕರೆದುಕೊಂಡು ಹೋಗುವಾಗ ಒಂದು ತಮಾಷೆ. ಸ್ಟ್ರೆಚರ್ ತಳ್ಳುತ್ತಿದ್ದವರು ನಿನ್ನ ಭಾವನ ವಯಸ್ಸಿನವರು, ಆದರೆ ಭಾರೀ ಅವಸರ. ತಿರುವು ಬಂತು, ನನ್ನ ಬಲಗಾಲು ತಾನಾಗಿಯೇ ಬ್ರೇಕ್ ಒತ್ತಿತು. ಇನ್ನೊಂದು ತಿರುವು, ಇನ್ನೊಂದು ಬ್ರೇಕ್. ಅವರು ಬಗ್ಗಿ, "ಯಾಕಮ್ಮ, ಕಾಲು ಸೆಳೀತಿದೆಯಾ?" ಅಂದರು. "ಇಲ್ಲ, ನೀವು ತಿರುವಿನಲ್ಲಿ ಸ್ಲೋ ಮಾಡ್ತಿಲ್ಲ" ಅಂದೆ. ಆಮೇಲೆ ಒಳ್ಳೆಯ ವಿದ್ಯಾರ್ಥಿಯ ಹಾಗೆ ತಳ್ಳಿದರು.

ಇನ್ನು ನಿನ್ನ ವಿಷಯ. ಹತ್ತನೆಯ ದಿನ ಬಂತು. ಕೈಯಲ್ಲಿ ನಿನ್ನ ಕಾಗದ ಹಿಡಿದು ಚಾಪೆ ಹುಡುಕಿದೆ. ಮನೆಯಲ್ಲಿ ಒಂದೂ ಇಲ್ಲ. ಕಂಬಳಿಯನ್ನೇ ಹಾಸಿ ಎಂದು ನಿನ್ನ ಭಾವನಿಗೆ ಹೇಳುತ್ತಿದ್ದೆ, ಅಷ್ಟರಲ್ಲಿ ವ್ಯಾಯಾಮದ ಹುಡುಗಿ ಬಂದಳು. ನನ್ನ ತಮ್ಮ ಹತ್ತನೆಯ ದಿನ ಚಕ್ಕಳಮಕ್ಕಳ ಹಾಕಿ ಕೂತಿದ್ದ ಎಂದು ಹೆಮ್ಮೆಯಿಂದ ಹೇಳಿದೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಹಾಗೆ ಕೂತಿದ್ರೆ ಕೀಲು ಕಳಚಿಕೊಂಡು ಇನ್ನೊಂದು ಸಲ ಟೇಬಲ್ ಮೇಲೆ ಮಲಗ್ತಿದ್ರು. ನಿಮ್ಮ ತಮ್ಮ ಆಪರೇಶನ್ ಮಾಡಿಸ್ಕೊಂಡೇ ಇಲ್ಲ, ಅಮ್ಮ." ನಿನ್ನ ಭಾವ ಫ್ಯಾನ್ ನೋಡುತ್ತಾ ನಿಂತಿದ್ದರು. ಫ್ಯಾನ್ ತಿರುಗುತ್ತಿರಲಿಲ್ಲ.

ನನ್ನನ್ನು ಚೆನ್ನಾಗಿ ಮಂಗ ಮಾಡಿದೆ. ಮೂರು ದಿನ ಉರಿದುಕೊಂಡೆ. ನಾಲ್ಕನೆಯ ದಿನ ನಿನ್ನ ಕಾಗದಗಳನ್ನೆಲ್ಲ ಮತ್ತೆ ಓದಿದಾಗ ಬೇರೆಯೇ ಒಂದು ಕಂಡಿತು. ಆಪರೇಶನ್ನಿನ ಮಾತೆಲ್ಲ ಬೊಗಳೆ. ಆದರೆ ಕಾಲುಚೀಲ? ಬೆಳಗಿನ ನಾಲ್ಕು ಹೆಜ್ಜೆ? ಬೀದಿ ತಿರುಗಿದ ಮೇಲೆ ಗೋಡೆ ಹಿಡಿಯುವುದು? ಅದನ್ನು ಯಾರೂ ನಿನಗೆ ಹೇಳಿಕೊಟ್ಟಿರಲಾರರು. ನಾನು ಡಾಕ್ಟರಿಗೂ ಹೇಳಿರಲಿಲ್ಲ. ಮೂರು ಮಹಡಿಯ ಗೋಡೆ ಬರೆಯುತ್ತಿದ್ದವನು ಎರಡು ವರ್ಷದಿಂದ ಕೂತಲ್ಲೇ ನಂಬರ್ ಪ್ಲೇಟು ಬರೆಯುತ್ತಿರುವುದು ಯಾಕೆ? ಏಣಿ ಎಲ್ಲಿ, ತಮ್ಮಾ?

ಉತ್ತರ ಬರೆಯುವ ತನಕ ನನ್ನ ಕಾಗದ ನಿರೀಕ್ಷಿಸಬೇಡ.

ಅಕ್ಕ


ಮೇ ೩

ಅಕ್ಕನಿಗೆ ತಪ್ಪಿತಸ್ಥನ ನಮಸ್ಕಾರ.

ಐದು ವಾರ ಹಾಳೆ ಮುಂದಿಟ್ಟುಕೊಂಡು ಕೂತೆ. ಬೇರೆಯವರ ಅಂಗಡಿ ಹೆಸರನ್ನು ಅಳುಕದೆ ಬರೆಯುವ ಕೈ ನಿನ್ನ ಒಂದು ಪ್ರಶ್ನೆಗೆ ನಿಂತುಬಿಟ್ಟಿತು. ಏಣಿಯನ್ನು ಮಾರಿಬಿಟ್ಟೆ, ಅಕ್ಕಾ.

ಎರಡು ವರ್ಷದ ಹಿಂದೆ ನನಗೂ ದಿನ ಕೊಟ್ಟಿದ್ದರು. ಅಡ್ಮಿಟ್ ಆದೆ. ಹಿಂದೆ ದಾರ ಕಟ್ಟುವ ಆ ಹಸಿರು ಅಂಗಿ ತೊಡಿಸಿ, ಸ್ವಲ್ಪ ಹೊತ್ತು ಮಲಗಿರಿ ಎಂದು ನರ್ಸ್ ಹೊರಗೆ ಹೋದರು. ಎದುರು ಗೋಡೆಯಲ್ಲಿ ‘ಆಪರೇಶನ್ ಥಿಯೇಟರ್’ ಎಂದು ಬರೆದು ಬಾಣದ ಗುರುತು ಹಾಕಿತ್ತು. ಅದನ್ನು ಬರೆದವನು ನಾನೇ. ಆ ಆಸ್ಪತ್ರೆಯ ಬೋರ್ಡುಗಳೆಲ್ಲ ನನ್ನವೇ. ನನ್ನ ಅಕ್ಷರ ನನ್ನನ್ನೇ ಒಳಗೆ ಕರೆಯುತ್ತಿದೆ ಅನಿಸಿತು. ಎದ್ದೆ. ನಾನು ಬರೆದ ಬಾಣಗಳನ್ನೇ ಹಿಮ್ಮುಖವಾಗಿ ಹಿಡಿದು, ಕ್ಯಾಂಟೀನಿನ ಹಿಂಬಾಗಿಲಿಂದ ಹೊರಬಿದ್ದೆ. ಮೇಲೆ ಆ ಹಸಿರು ಅಂಗಿ, ಕೆಳಗೆ ನನ್ನ ಪ್ಯಾಂಟು. ಕಾಲಿಗೆ ಬುದ್ಧಿ ಹೇಳಿದೆ ಎನ್ನಲೂ ನಾಚಿಕೆ, ಆ ಕಾಲು ಓಡುವ ಸ್ಥಿತಿಯಲ್ಲಿರಲಿಲ್ಲ. ಆಟೋದವನು ಯಾವ ವಾರ್ಡಿಗೆ ಬಿಡಲಿ ಎಂದು ಕೇಳಿದ.

ಗಿರಣಿಯ ಗೋಡೆ ಎಂದು ಹೇಳಿದ ಆ ಮೂರು ತಿಂಗಳು ನಾನು ಮನೆಯಲ್ಲೇ ಇದ್ದೆ. ನಿನ್ನ ಎದುರು ಕುಂಟುವುದು ಬೇಡವಾಗಿತ್ತು. ನೀನು ಯಾವುದಕ್ಕೂ ಹೆದರಿದವಳಲ್ಲ. ಹಾಗಿರುವಾಗ ನಿನಗೆ ಹೇಗೆ ಹೇಳಲಿ?

ನಿನ್ನ ಆಪರೇಶನ್ನಿನ ದಿನ ಕೆಲಸ ಮಾಡಲಾಗಲಿಲ್ಲ. ಚೆನ್ನಾಗಿ ಆಯಿತೆಂದು ಭಾವ ಟೆಲಿಗ್ರಾಮಿನ ಹಾಗೆ ನಾಲ್ಕು ಪದದ ಕಾರ್ಡು ಬರೆದಿದ್ದರು. ಅದನ್ನು ಅಂಗಡಿಯ ಗೋಡೆಗೆ ಅಂಟಿಸಿದ್ದೇನೆ. ನನಗೆ ಮಾತ್ರ ಧೈರ್ಯ ಸಾಲದು, ಅಕ್ಕಾ. ನನ್ನನ್ನು ಹೀಗೇ ಬಿಟ್ಟುಬಿಡು.

ನಿನ್ನ ತಮ್ಮ


ಮೇ ೮

ತಮ್ಮಾ,

ಬಿಟ್ಟುಬಿಡುವುದು ನಮ್ಮ ಮನೆತನದಲ್ಲೇ ಇಲ್ಲ. ನನ್ನ ಡಾಕ್ಟರ ಹತ್ತಿರ ಜುಲೈ ೧೨ಕ್ಕೆ ನಿನ್ನ ದಿನ ಗೊತ್ತು ಮಾಡಿದ್ದೇನೆ. ಇಲ್ಲಿಯ ಆಸ್ಪತ್ರೆಯ ಬೋರ್ಡು ನೀನು ಬರೆದದ್ದಲ್ಲ, ಹಿಂಬಾಗಿಲು ಎಲ್ಲಿದೆಯೆಂದು ನಿನಗೆ ಗೊತ್ತಿಲ್ಲ. ಜೂನ್ ಕೊನೆಗೆ ಅಂಗಡಿ ಮುಚ್ಚಿ ಬಾ. ನಮ್ಮ ಮಂಚ ಎತ್ತರವಾಗಿದೆ, ಕುರ್ಚಿ ಎತ್ತರವಾಗಿದೆ, ಕಾಲುಗಳ ನಡುವಿನ ದಿಂಬು ಒಗೆದು ಒಣಹಾಕಿದೆ.

ನಿನ್ನೆ ಡಾಕ್ಟರು ಸ್ಟಿಯರಿಂಗ್ ಹಿಡಿಯಲು ಬಿಟ್ಟರು. ಹಲ್ಲಿನ ಡಾಕ್ಟರಮ್ಮ ಟೆಸ್ಟ್ ಪಾಸಾದಳು. ನಾನು ಮಲಗಿದ್ದಷ್ಟು ದಿನ ಅವಳಿಗೆ ಕಲಿಸಲು ನನ್ನ ಬದಲಿಗೆ ಪಕ್ಕದ ಸೀಟಿನಲ್ಲಿ ಕೂತವರು ಯಾರು ಗೊತ್ತೇ? ನಿನ್ನ ಭಾವ. ಒಂದು ಮಾತೂ ಆಡಲಿಲ್ಲವಂತೆ. ಇಷ್ಟು ಒಳ್ಳೆಯ ಮೇಷ್ಟ್ರನ್ನು ತಾನು ನೋಡೇ ಇಲ್ಲ ಅಂತಾಳೆ.

ಅಕ್ಕ


ಜುಲೈ ೧೧

ಪ್ರೀತಿಯ ತಮ್ಮನಿಗೆ,

ಈಗ ನೀನು ವಾರ್ಡಿನಲ್ಲಿ, ನಾನು ಮನೆಯಲ್ಲಿ. ಸಂಜೆಯ ಭೇಟಿಯ ಸಮಯಕ್ಕೆ ನಿನ್ನ ಭಾವ ಇದನ್ನು ತಂದುಕೊಡುತ್ತಾರೆ. ಎದುರಿಗೆ ಕೂತು ಹೇಳುವ ಧೈರ್ಯ ನನಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಭಯವಾಗಿತ್ತು. ಬಹಳ. ಹಲ್ಲಿನ ಡಾಕ್ಟರಮ್ಮ, ಟೆಸ್ಟು, ಎಲ್ಲ ನೆಪ. ದಿನಾ ಕಾರಿನಲ್ಲಿ ಗಾಜು ಏರಿಸಿಕೊಂಡು ಅಳುತ್ತಿದ್ದೆ. ಮೂವತ್ತನಾಲ್ಕು ವರ್ಷ ಎಲ್ಲರಿಗೂ ಹೆದರಬೇಡಿ ಎಂದು ಹೇಳಿ ಹೇಳಿ, ನನಗೆ ಹೆದರಿಕೆಯಾದಾಗ ಯಾರಿಗೆ ಹೇಳಬೇಕೆಂದೇ ತಿಳಿಯಲಿಲ್ಲ. ನಿನ್ನ ಭಾವನಿಗೂ ಹೇಳಲಿಲ್ಲ. ನಿನ್ನ ಸುಳ್ಳು ಕಾಗದ ಬಂದಾಗ ಮೊದಲ ಸಲ ಅನಿಸಿತು, ಈ ದಾರಿಯಲ್ಲಿ ನನಗಿಂತ ಮುಂದೆ ನನ್ನವನೊಬ್ಬ ಹೋಗಿ ಬಂದಿದ್ದಾನೆ ಎಂದು. ಸುಳ್ಳೇ ಆದರೂ ನನ್ನನ್ನು ಒಳಗೆ ಕರೆದುಕೊಂಡು ಹೋದದ್ದು ಅದೇ. ಅದಕ್ಕೆ ನಿನಗೆ ಇನ್ನೂ ಥ್ಯಾಂಕ್ಸ್ ಹೇಳಿಲ್ಲ. ಈಗ ಹೇಳಿದೆ.

ಇನ್ನು ನಿಜವಾದದ್ದು ಬರೆಯುತ್ತೇನೆ. ಬೆಳಗ್ಗೆ ಬಾಯಿ ಒಣಗುತ್ತದೆ, ನೀರು ಕೊಡುವುದಿಲ್ಲ. ಸ್ಟ್ರೆಚರ್ ಮೇಲೆ ಬರೀ ಚಾವಣಿಯ ದೀಪಗಳು ಕಾಣುತ್ತವೆ, ಅವನ್ನು ಎಣಿಸು, ಹದಿನೇಳು ಇವೆ. ಒಳಗೆ ವಿಪರೀತ ಚಳಿ, ಇನ್ನೊಂದು ಹೊದಿಕೆ ಕೇಳು, ಕೊಡುತ್ತಾರೆ. ಬೆನ್ನಿನ ಸೂಜಿ ಇರುವೆಯಂತಲ್ಲ, ಜೇನುನೊಣ. ಆದರೆ ಒಂದೇ ಸಲ. ಆಗ ಎದುರು ನಿಂತ ನರ್ಸ್ ತಮ್ಮ ಭುಜ ಹಿಡಿದುಕೊಳ್ಳಿ ಎನ್ನುತ್ತಾರೆ. ನಾನು ಹಿಡಿದುಕೊಂಡೆ. ‘ಅಮ್ಮಾ’ ಎಂದೆ. ನೀನೂ ಹಿಡಿದುಕೋ, ನಾಚಿಕೊಳ್ಳಬೇಡ. ಬಡಗಿಯ ಅಂಗಡಿಯ ಹಾಗೆ ಸದ್ದು ಕೇಳಿಸಬಹುದು, ಅದು ನಿನ್ನನ್ನು ರಿಪೇರಿ ಮಾಡುವ ಸದ್ದು. ಆಮೇಲೆ ಎರಡು ದಿನ ಚೆನ್ನಾಗಿ ನೋಯುತ್ತದೆ. ಮೂರನೆಯ ದಿನ ನೀನೇ ನಗುತ್ತೀಯ.

ಓಡಬೇಕೆನಿಸಿದರೆ ನರ್ಸಿಗೆ ಹೇಳಿ ನನ್ನನ್ನು ಕರೆಸು. ಬಾಗಿಲಾಚೆ ಮೊದಲನೆಯ ಕುರ್ಚಿಯಲ್ಲಿ ಕೂತಿರುತ್ತೇನೆ.

ಪ್ರೀತಿಯಿಂದ, ನಿನ್ನ ಹೆದರುಪುಕ್ಕಲಿ ಅಕ್ಕ


ಜುಲೈ ೧೫

ಅಕ್ಕಾ,

ಇವತ್ತು ಮೂರನೆಯ ದಿನ, ನಗುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಮಲಗಿಕೊಂಡು ಬರೆದದ್ದಕ್ಕೆ, ಬೇರೇನೂ ಅಂದುಕೊಳ್ಳಬೇಡ. ಕಿಟಕಿಯ ತನಕ ನಡೆದೆ. ಕೆಳಗೆ ನೋಡಿದರೆ ನಿನ್ನ ಕಾರು ಎರಡು ಗೆರೆಗಳ ನಡುವೆ ಅಳತೆ ಹಿಡಿದ ಹಾಗೆ ನಿಂತಿತ್ತು. ಇದನ್ನು ಭಾವನ ಕೈಯಲ್ಲಿ ಕಳಿಸುತ್ತೇನೆ, ಅಂಚೆಚೀಟಿ ಬೇಡ ಅಂದಿದ್ದಾರೆ.

ನೀನು ಬರೆದದ್ದೆಲ್ಲ ಹಾಗೇ ಆಯಿತು. ದೀಪಗಳು ಹದಿನೇಳೇ. ಇನ್ನೊಂದು ಹೊದಿಕೆ ಕೇಳಿದೆ, ಕೊಟ್ಟರು. ಭುಜ ಹಿಡಿದುಕೊಂಡೆ. ನೀನು ‘ಅಮ್ಮಾ’ ಎಂದಿದ್ದೆಯಲ್ಲ, ನಾನು ‘ಅಕ್ಕಾ’ ಎಂದೆನಂತೆ. ನರ್ಸ್ ಹೇಳಿದರು.

ನಿನ್ನ ಕಾಗದದಲ್ಲಿ ಒಂದೇ ಒಂದು ಸುಳ್ಳಿತ್ತು. ನೀನು ಕುರ್ಚಿಯಲ್ಲಿ ಕೂತಿರಲಿಲ್ಲವಂತೆ. ನನ್ನನ್ನು ಒಳಗೆ ಕರೆದೊಯ್ದಾಗಿನಿಂದ ಹೊರಗೆ ತರುವ ತನಕ, ಎರಡು ಗಂಟೆ ಹೊತ್ತು, ನಿನ್ನ ಊರುಗೋಲನ್ನು ಭಾವನ ಕೈಗೆ ಕೊಟ್ಟು, ಬಾಗಿಲಿಗೆ ಮುಖ ಮಾಡಿ ನಿಂತೇ ಇದ್ದೆಯಂತೆ.

ನಿನ್ನ ತಮ್ಮ